ಒಡೆದ ದೀಪಕ್ಕೆ ಚೆಂಡುಹೂವಿನ ಹಾರ

"ಒಡ್ದೋದ್ ವಸ್ತುಗೆ ಆರತಿ ಎತ್ತಿದ್ರೆ ಮನೆಗೆ ಒಳ್ಳೇದಾಗಾಕಿಲ್ಲ ಕಣಮ್ಮ. ಅಬ್ಬದೊಳ್ಗೆ ಆ ಕಾರ್ನ ನೆಟ್ಟಗ್ ಮಾಡಿಸ್ಬುಡು."

ಹೀಗೆ ಬುದ್ಧಿ ಹೇಳಿದವನು ಪಕ್ಕದ ಮನೆಯ ತಿಮ್ಮಯ್ಯ. ಕಾರನ್ನು ಒಡೆದವನೂ ಅವನೇ.

ಎರಡನೆಯ ಮಹಾಯುದ್ಧ ನಿಂತ ಮರುವರ್ಷದ ಮಾತು. ಸೋಮನಹಳ್ಳಿಯ ಹುಚ್ಚೀರಯ್ಯ ಮತ್ತು ಚಿಕ್ಕನಂಜಮ್ಮ ಗದ್ದೆಯ ಒಂದು ತುಂಡು ಮಾರಿ ಹಳೆಯ ಕಾರೊಂದನ್ನು ಕೊಂಡಿದ್ದರು. ಪೆಟ್ರೋಲಿನ ಕೂಪನ್ನು ಸಿಕ್ಕಾಗಲೆಲ್ಲ ಅದು ಬಾಡಿಗೆಗೆ ಓಡುತ್ತಿತ್ತು. ಬಸುರಿಯರನ್ನು ಮಂಡ್ಯದ ಆಸ್ಪತ್ರೆಗೆ, ಮದುವೆ ಹೆಣ್ಣನ್ನು ಮಳವಳ್ಳಿಗೆ ಮುಟ್ಟಿಸುತ್ತಿತ್ತು. ಮನೆಯ ಅನ್ನ ಅದರ ಚಕ್ರದಲ್ಲೇ ಇತ್ತು. ಉಳಿದ ತುಂಡು ಗದ್ದೆ ಹೊಟ್ಟೆಗೆ ಸಾಲುತ್ತಿರಲಿಲ್ಲ. ಕಾರೂ ಕೈಬಿಟ್ಟರೆ ಗಂಡಹೆಂಡಿರು ಇನ್ನೊಬ್ಬರ ಗದ್ದೆಗೆ ಕೂಲಿಗೆ ಇಳಿಯಬೇಕಿತ್ತು.

ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ ಕಾರು ಜಗಲಿಯ ಮುಂದಿನ ಹೊಂಗೆ ಮರದ ಕೆಳಗೆ ನಿಂತಿತ್ತು. ಒಳಗೆ ಯಾರೂ ಇರಲಿಲ್ಲ. ತಿಮ್ಮಯ್ಯ ಕಬ್ಬು ತುಂಬಿದ ಗಾಡಿಯನ್ನು ತನ್ನ ಅಂಗಳಕ್ಕೆ ಹಿಂದು ಹಿಂದಾಗಿ ಸರಿಸುತ್ತಿದ್ದ. ಇಳಿದು ಎತ್ತುಗಳ ಮುಂದೆ ನಿಂತು ಹಗ್ಗ ಹಿಡಿಯಬೇಕಾದವನು ಗಾಡಿಯ ಮೇಲೆ ಕುಳಿತೇ ಜಗ್ಗಿದ. ಎತ್ತು ಬೆದರಿದವು. ಬೀದಿಯಲ್ಲಿದ್ದ ಇಬ್ಬರು ಮೂವರು ನೋಡುತ್ತಿದ್ದ ಹಾಗೇ ಗಾಡಿಯ ಹಿಂಬದಿ ಬಂದು ಕಾರಿನ ಮೂತಿಗೆ ಬಡಿಯಿತು. ಒಂದು ದೀಪ ಪುಡಿಯಾಯಿತು, ಮಡ್‌ಗಾರ್ಡು ಮಡಚಿಕೊಂಡಿತು, ರೇಡಿಯೇಟರು ತೂತಾಗಿ ನೀರು ಮೋರಿಯವರೆಗೂ ಹರಿಯಿತು.

ತಿಮ್ಮಯ್ಯ ಊರಿನಲ್ಲಿ ಮಾತು ನಡೆಯುವ ಆಳು. ಅವನಿಗೆ ಭಯವಾದದ್ದು ಕಾರಿನ ಗತಿಗಲ್ಲ, ತನ್ನ ಹೆಸರು ಯಾವುದಾದರೂ ಕಾಗದಕ್ಕೆ ಏರೀತೆಂದು. ಕುಲುಮೆಯವನನ್ನು ತಾನೇ ಕರೆಸುತ್ತೇನೆ, ಸಂಜೆಯೊಳಗೆ ಬಡಿದು ನೆಟ್ಟಗೆ ಮಾಡಿಸುತ್ತೇನೆ, ಬೆಳಗಾದರೆ ತೊಳೆದು ಪೂಜೆ ಮಾಡಿ, ಇದೆಲ್ಲ ಮರೆತುಬಿಡಿ ಎಂದ. ಚಿಕ್ಕನಂಜಮ್ಮನ ಅತ್ತೆ ಬೀರಮ್ಮನಿಗೆ ಈ ಮಾತು ಹಿಡಿಸಿತು. ಗಾಯವಾದ ಕಾರಿಗೆ ಕುಂಕುಮ ಇಡುವುದು ಅವರಿಗೆ ಆಗದ ಮಾತು. ಹುಚ್ಚೀರಯ್ಯನೂ ಅಷ್ಟೇ, ಜಗಳ ಬೇಡ, ಅಕ್ಕಪಕ್ಕದವರು ಎಂದು ತಲೆ ಆಡಿಸಿದ. ರೇಡಿಯೇಟರಿನ ಗತಿ ಏನು ಎಂದು ಚಿಕ್ಕನಂಜಮ್ಮ ಕೇಳಿದಾಗ ಮಾತ್ರ ಗಂಡಸರಿಬ್ಬರೂ ಮರದ ಕಡೆ ನೋಡಿದರು.

ಕುಲುಮೆಯವನು ಸುತ್ತಿಗೆ ಎತ್ತಿಕೊಂಡು ಬರುವುದಕ್ಕೂ ಚಿಕ್ಕನಂಜಮ್ಮನ ತಮ್ಮ ಶಿವಣ್ಣ ಬಸ್ಸಿಳಿದು ಬರುವುದಕ್ಕೂ ಸರಿಹೋಯಿತು. ಅವನು ಹೊಳೆಯ ನೀರಿನಿಂದ ಕರೆಂಟು ತೆಗೆಯುವ ಬ್ಲಫ್ ಎಂಬ ಊರಿನ ಕರೆಂಟು ಮನೆಯಲ್ಲಿ ಲಾರಿ ಓಡಿಸುವವನು. ಹಬ್ಬಕ್ಕೆಂದು ಅಕ್ಕನ ಮನೆಗೆ ಬಂದಿದ್ದ. ಗಂಟು ಇಳಿಸುವ ಮೊದಲೇ ಸುತ್ತಿಗೆಯ ಕೈ ಹಿಡಿದ.

"ಒಂದೇಟೂ ಆಕ್‌ಬ್ಯಾಡ ಕಣಪ್ಪ, ನಿಂತ್ಕೊ. ಭಾವ, ಈ ಕಾರ್‌ಗೆ ವಿಮೆ ಮಾಡ್ಸಿದ್ರಲ್ಲಾ, ಅದೆಂತಾದ್ದು?"

ಹುಚ್ಚೀರಯ್ಯ ಪೆಟ್ಟಿಗೆಯಿಂದ ವಿಮೆಯ ಪತ್ರ ತಂದುಕೊಟ್ಟ. ಕಾರು ಕೊಂಡ ದಿನ ಮಂಡ್ಯದ ಏಜೆಂಟರು ಕೊಟ್ಟದ್ದು. ಅಂದಿನಿಂದ ಯಾರೂ ಅದನ್ನು ಬಿಚ್ಚಿರಲಿಲ್ಲ. ಶಿವಣ್ಣ ಕೂತು ಓದಿ, ಬಿಡಿಸಿ ಹೇಳಿದ. ವಿಮೆಯಲ್ಲಿ ಬಗೆಯುಂಟು. ನಮ್ಮ ಕಾರಿನಿಂದ ಬೇರೆಯವರಿಗೆ ಪೆಟ್ಟಾದರೆ ಮಾತ್ರ ಕೊಡುವಂಥದ್ದು ಒಂದು. ನಮ್ಮ ಕಾರಿಗೇ ಪೆಟ್ಟಾದರೂ ಕೊಡುವಂಥದ್ದು ಇನ್ನೊಂದು. ಇವರದು ಎರಡನೆಯದು. ಆದರೆ ಕಂಪನಿಯವರು ಬಂದು ಕಣ್ಣಾರೆ ನೋಡುವ ತನಕ ಗಾಯ ಇದ್ದ ಹಾಗೇ ಇರಬೇಕು. ಬಡಿದು ನೆಟ್ಟಗೆ ಮಾಡಿ, ತೊಳೆದು, ಬಣ್ಣ ಬಳಿದು, ಆಮೇಲೆ ಇಲ್ಲಿ ಪೆಟ್ಟಾಗಿತ್ತು ಅಂದರೆ ಯಾರು ನಂಬುತ್ತಾರೆ?

ಇದು ತಿಮ್ಮಯ್ಯನ ಕಿವಿಗೆ ಬಿತ್ತು. ಅವನು ಓಡಿ ಬಂದ. ಕಂಪನಿಗೆ ಬರೆಯುವುದಾದರೆ ಬರೆಯಿರಿ, ಆದರೆ ಹುಚ್ಚೀರಯ್ಯನೇ ಓಡಿಸುವಾಗ ಹುಣಿಸೆ ಮರಕ್ಕೆ ಗುದ್ದಿದ ಅಂತ ಬರೆಯಿರಿ ಎಂದ. ನಿಮಗೆ ದುಡ್ಡು ಬಂತು, ನನಗೆ ಮರ್ಯಾದೆ ಉಳಿಯಿತು ಎಂದು ನಕ್ಕ.

ಚಿಕ್ಕನಂಜಮ್ಮ ನಗಲಿಲ್ಲ.

"ನಿಂತಿದ್ ಕಾರು ಮರಕ್ ಎಂಗ್ ಗುದ್ತದೆ ತಿಮ್ಮಣ್ಣ? ಮರವೇನ್ ನಡ್ಕಂಡ್ ಬಂತಾ? ನನ್ ಗಂಡನ್ ತಲೆಗೆ ನಿನ್ ತಪ್ಪ ಕಟ್ಟಾಕೆ ನಾ ಬುಡಾಕಿಲ್ಲ."

ಸುಳ್ಳು ಬರೆದರೆ ಸುಳ್ಳೆಂದು ಗೊತ್ತಾದ ದಿನ ಬಿಡಿಗಾಸೂ ಬರುವುದಿಲ್ಲ ಎಂದು ಶಿವಣ್ಣನೂ ಸೇರಿಸಿದ. ಕೊಟ್ಟ ದುಡ್ಡನ್ನು ಕಂಪನಿ ನಾಳೆ ತಿಮ್ಮಯ್ಯನಿಂದ ಕೇಳಿದರೂ ಕೇಳಬಹುದು, ಕೇಳದೆಯೂ ಇರಬಹುದು, ಅದನ್ನು ಮುಚ್ಚಿಡುವುದಿಲ್ಲ ಎಂದೂ ಮುಖಕ್ಕೇ ಹೇಳಿದ. ತಿಮ್ಮಯ್ಯ ಟವೆಲು ಕೊಡವಿ ಎದ್ದ. ಕಾರು ಹೆದ್ದಾರಿಗೆ ಹೋಗುವ ದಾರಿ ಅವನ ಕಣದ ಅಂಚಿನಲ್ಲಿತ್ತು.

"ನಾಳಿಂದ ನಿಮ್ ಕಾರು ನನ್ ಕಣದ್ ಮಗ್ಗಲಾಗ್ ಓಗ್ಲಿ, ನೋಡ್ತೀನಿ."

"ಓಗೋ ಅಂಗಿದ್ರೆ ತಾನೆ ನೀ ತಡ್ಯಾದು?" ಎಂದಳು ಚಿಕ್ಕನಂಜಮ್ಮ. "ಮೊದ್ಲು ಅದು ಓಡೋ ಅಂಗಾಗ್ಲಿ. ಆಮ್ಯಾಕೆ ಬತ್ತೀನಿ, ತಡಿ."

ಮಧ್ಯಾಹ್ನದೊಳಗೆ ಕಣದ ಅಂಚಿಗೆ ಜಾಲಿಮುಳ್ಳು ಬಿತ್ತು. ಹುಚ್ಚೀರಯ್ಯನ ಮುಖ ಬಾಡಿತು. ಚಿಕ್ಕನಂಜಮ್ಮ ಅದನ್ನು ನೋಡಿಯೂ ನೋಡದವಳ ಹಾಗೆ ತಮ್ಮನ ಪಕ್ಕ ಕೂತು ಕಂಪನಿಗೆ ಬರೆಸಿದಳು. ಕಾರು ಎಲ್ಲಿ ನಿಂತಿತ್ತು, ಯಾರ ಗಾಡಿ ಬಡಿಯಿತು, ಯಾರು ಕಂಡರು, ಇಷ್ಟೇ. ಎತ್ತು ಬೆದರಿದ್ದವು, ತಿಮ್ಮಯ್ಯ ಬೇಕೆಂದು ಮಾಡಿದ್ದಲ್ಲ ಎನ್ನುವುದನ್ನೂ ಬಿಡದೆ ಬರೆಸಿದಳು. ಅದೂ ನಡೆದದ್ದೇ ತಾನೆ. ಕಾಗದ ಅಂದೇ ಟಪಾಲಿಗೆ ಹೋಯಿತು.

ಉಳಿದದ್ದು ಅತ್ತೆಯ ಸಂಕಟ. ಬೀರಮ್ಮ ಉಣ್ಣದೆ ಕೂತಿದ್ದರು. ಚಿಕ್ಕನಂಜಮ್ಮ ಅಟ್ಟದಿಂದ ಕುಡುಗೋಲುಗಳನ್ನು ತಂದು ಅವರ ಮುಂದೆ ಇಟ್ಟಳು. ಒಂದರ ಬಾಯಿ ಮುಕ್ಕಾಗಿತ್ತು.

"ಅತ್ತೆ, ಇದ್ನ ವರ್ಸಾ ವರ್ಸಾ ಪೂಜೆ ಮಾಡ್ತೀರಲ್ಲ, ಮುಕ್ಕು ಅಂತ ಎಸೆದ್ರಾ?"

"ಅದು ಗೇದು ಮುಕ್ಕಾಗಿರಾದು ಕಣಮ್ಮ."

"ಕಾರೂ ಗೇಯ್ತಿತ್ತು. ಅದು ಮನೇಲ್ ಸುಮ್ಕೆ ಕುಂತಿತ್ತಾ?"

ಬೀರಮ್ಮ ಮುಕ್ಕಾದ ಕುಡುಗೋಲನ್ನು ಸೆರಗಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. ಆಮೇಲೆ ಎಲೆ ಹಾಕಲು ಹೇಳಿದರು.

ಮಾರನೆಯ ದಿನ ಆ ಬೀದಿಯ ಜನ ನೋಡಿದ ಪೂಜೆ ಹಿಂದೆ ಯಾರೂ ನೋಡಿದ್ದಲ್ಲ. ಕಾರಿನ ಹಿಂಬದಿಯನ್ನು ತಿಕ್ಕಿ ತೊಳೆದಿದ್ದರು. ಮುಂಬದಿಗೆ ಒಂದು ಹನಿ ನೀರೂ ಸೋಕಿಸಿರಲಿಲ್ಲ. ರೇಡಿಯೇಟರಿಗೆ ಕಚ್ಚಿದ್ದ ಕಬ್ಬಿನ ಸೋಗೆ ಹಾಗೇ ಇತ್ತು. ದೀಪ ಹೋದ ಜಾಗಕ್ಕೆ ಬೀರಮ್ಮನೇ ಚೆಂಡುಹೂವಿನ ಹಾರ ಹಾಕಿದರು. ಗಾಜಿನ ಚೂರುಗಳನ್ನು ಮೊರದಲ್ಲಿ ತುಂಬಿ ಕುಡುಗೋಲುಗಳ ಪಕ್ಕ ಇಟ್ಟು ಅವಕ್ಕೂ ಕುಂಕುಮ ಹಾಕಿದರು. ಅರ್ಧ ಮಿಂದ ಮದುವೆಗಂಡು ಎಂದು ಜನ ನಕ್ಕರು. ಚಿಕ್ಕನಂಜಮ್ಮ ಅವರೆದುರೇ ಬೂದುಗುಂಬಳ ಒಡೆದು, ನಕ್ಕವರ ಕೈಗೇ ಮೊದಲು ಪುರಿ ಕೊಟ್ಟಳು.

ಹಬ್ಬ ಕಳೆದ ಮೇಲೆ ಕಂಪನಿಯ ಕಡೆಯವರು ಬಂದರು. ಕಾರಿನ ಸುತ್ತ ತಿರುಗಿ, ಹಳೆಯ ಕಾರು, ದೀಪ ಮೊದಲೇ ಒಡೆದಿತ್ತೇನೋ ಎಂದರು. ಹುಚ್ಚೀರಯ್ಯ ಕೈಮುಗಿದು ನಿಂತಿದ್ದ. ಚಿಕ್ಕನಂಜಮ್ಮ ಮೊರ ತಂದು ಅವರ ಕಾಲ ಬಳಿ ಇಟ್ಟು, ಎತ್ತಿ ನೋಡಿ ಎಂದಳು. ಚೂರುಗಳು ಹೊಳೆಯುತ್ತಿದ್ದವು, ಹಳೆಯ ಧೂಳಿರಲಿಲ್ಲ, ಕುಂಕುಮವಿತ್ತು. ಸೋಗೆ ತೋರಿಸಿದಳು. ಕಂಡವರನ್ನು ಕರೆಸಿದಳು. ಗಾಡಿಯ ಯಜಮಾನರು ಏನೆನ್ನುತ್ತಾರೆ ಎಂದು ಅವರು ಕೇಳಿದಾಗ ತಾನೇ ತಿಮ್ಮಯ್ಯನ ಜಗಲಿಗೆ ಹೋಗಿ, ಕಾಗದದಲ್ಲಿ ಬರೆಸಿದ್ದನ್ನು ಬಾಯಲ್ಲಿ ಹೇಳಿದಳು. ಬೇಕೆಂದು ಮಾಡಿದ್ದಲ್ಲ ಎನ್ನುವ ಮಾತು ಬಂದಾಗ ತಿಮ್ಮಯ್ಯ ತಲೆ ಎತ್ತಿದ. ಬಂದು, ನಡೆದದ್ದು ಹೌದು ಎಂದ. ಮುಳ್ಳನ್ನು ಮಾತ್ರ ತೆಗೆಯಲಿಲ್ಲ.

ಕಂಪನಿ ಒಪ್ಪಿತು. ಕಾರನ್ನು ಕಟ್ಟಿ, ಮುಳ್ಳಿನ ದಾರಿ ಬಿಟ್ಟು ಕೆರೆ ಏರಿಯ ಸುತ್ತುದಾರಿಯಲ್ಲಿ ಎಳೆದು, ಮಂಡ್ಯದ ರಿಪೇರಿ ಕಾರ್ಖಾನೆಗೆ ಮುಟ್ಟಿಸಿದರು. ಅತ್ತಿತ್ತ ಕಾಗದ ಓಡಾಡಿತು, ಒಂದಷ್ಟು ದಿನ ಹಿಡಿಯಿತು. ಆದರೆ ಗದ್ದೆಯ ಇನ್ನೊಂದು ತುಂಡು ಮಾರದೆ ಕಾರು ಮನೆಗೆ ಬಂತು. ಮನೆಯವರೆಲ್ಲರ ಬಾಯಲ್ಲೂ ಈಗ ಒಂದೇ ಮಾತು: ಸುತ್ತಿಗೆ ಬೀಳದೆ ಇದ್ದದ್ದು ಒಳ್ಳೆಯದಾಯಿತು.

ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆ ಮುಂದೆ ನಿಂತ ವಾಹನಕ್ಕೆ ಯಾರಾದರೂ ಗುದ್ದಿದರೆ ಮೊದಲು ಸುತ್ತಿಗೆ ಹುಡುಕಬೇಡಿ. ಒಡೆದ ಚೂರು ಎತ್ತಿಡಿ, ಕಂಡವರ ಹೆಸರು ಕೇಳಿಟ್ಟುಕೊಳ್ಳಿ, ಅಂದೇ ಕಂಪನಿಗೆ ತಿಳಿಸಿ. ನಡೆದದ್ದನ್ನು ನಡೆದ ಹಾಗೇ ಹೇಳಿ, ಗುದ್ದಿದವನಿಗೆ ಅನುಕೂಲವಾದದ್ದನ್ನೂ ಬಿಡಬೇಡಿ. ಎಲ್ಲ ಮುಗಿಯಿತು ಎಂದು ಯಾರಾದರೂ ಅವಸರದಲ್ಲಿ ಹೆಬ್ಬೆಟ್ಟು ಒತ್ತಿಸಲು ಬಂದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳಿ. ನಿಮ್ಮ ವಿಮೆಯ ಪತ್ರವನ್ನು ಇವತ್ತೇ ಪೆಟ್ಟಿಗೆಯಿಂದ ತೆಗೆದು ಓದಿಸಿ, ಅದು ಯಾವ ಬಗೆಯದು ಎಂದು ತಿಳಿಯಿರಿ. ವಿಮೆಗೆಂದು ಕಟ್ಟಿದ್ದೀರಿ. ಕೇಳುವುದು ಭಿಕ್ಷೆಯಲ್ಲ. ನೆರೆಯವರ ಮುಲಾಜಿಗೆ ಅನ್ನ ಕಳೆದುಕೊಳ್ಳಬೇಡಿ.

ಕಾರು ಬಂದ ದಿನ ಕಣದ ಹತ್ತಿರ ನಿಂತಿತು. ಚಿಕ್ಕನಂಜಮ್ಮ ಇಳಿದು, ಸೆರಗು ಸಿಕ್ಕಿಸಿ, ಜಾಲಿಮುಳ್ಳನ್ನು ಎಳೆದು ಬದಿಗೆ ಹಾಕಿದಳು. ತಿಮ್ಮಯ್ಯ ಕಣದಲ್ಲೇ ಇದ್ದ.

"ದೀಪ ಒಸದಾ?" ಎಂದ.

"ಊಂ, ಒಸದು. ನಿನ್ ಎತ್ಗೊಳ್ಗೆ ಚೆನ್ನಾಗ್ ಕಾಣ್ಲಿ ಅಂತ."

ಅವತ್ತು ಸಂಜೆ ಕಬ್ಬಿನ ಗಾಡಿ ಬಂದಾಗ ಕಾರು ಹೊಂಗೆ ಮರದ ಕೆಳಗೇ ನಿಂತಿತ್ತು. ತಿಮ್ಮಯ್ಯ ಗಾಡಿಯಿಂದ ಇಳಿದ. ಎತ್ತುಗಳ ಮುಂದೆ ಬಂದು, ಎರಡೂ ಹಗ್ಗ ಕೈಯಲ್ಲಿ ಹಿಡಿದು, ಕಾರಿನ ಪಕ್ಕ ಹೆಜ್ಜೆ ಹೆಜ್ಜೆಯಾಗಿ ದಾಟಿಸಿಕೊಂಡು ಹೋದ.