ಏಳನೇ ಮಂಚದ ಟ್ರೈನರಮ್ಮ

ಕೆಲಸ ಕಲಿಸಬೇಕಾದ ಟ್ರೈನರಮ್ಮ ಸೋಮವಾರ ಬೆಳಿಗ್ಗೆ ಬಂದವಳೇ ರೋಗಿಗಳ ಹಸಿರು ಗೌನು ತೊಟ್ಟು, ಖಾಲಿ ಇದ್ದ ಏಳನೇ ಮಂಚದ ಮೇಲೆ ಕಾಲು ಚಾಚಿದಳು.

"ನಾನೇ ರೋಗಿ ಅಂದ್ಕೋ. ನನ್ನ ಮೇಲೇ ಕಲಿ."

ನರ್ಸಿಂಗ್ ಸಹಾಯಕಿಯಾಗಿ ಅಂದೇ ಸೇರಿದ್ದ ಹುಡುಗಿ ಹೂಂಗುಟ್ಟಿದಳು. ಹೂಂಗುಟ್ಟದೆ ಏನು ಮಾಡಿಯಾಳು, ಪಾಪ! ಶನಿವಾರ ತರಬೇತಿ ಫಾರಮ್ಮಿಗೆ ಟ್ರೈನರಮ್ಮನ ಸಹಿ ಬೀಳದಿದ್ದರೆ ಕೆಲಸವಿಲ್ಲ. ಆಗಲೇ ಎರಡು ಕಡೆ ಕೆಲಸ ಹೋಗಿತ್ತು. ಇದೂ ಹೋದರೆ ಅತ್ತಿಗೆಯ ಕೊಂಕುಮಾತು ಕೇಳುತ್ತ ಅಣ್ಣನ ಮನೆಯ ಮೂಲೆಯಲ್ಲಿ ಕೂರಬೇಕು.

ಕಲಿಕೆ ಅಂದರೆ ಎಂಥ ಕಲಿಕೆ ಅಂತೀರಿ! ಒದ್ದೆ ಬಟ್ಟೆಯಲ್ಲಿ ಮೈ ಒರೆಸಬೇಕು, ಉಗುರು ಕತ್ತರಿಸಬೇಕು, ಬೆನ್ನಿಗೆ ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಚಮಚದಲ್ಲಿ ಊಟ ತಿನ್ನಿಸಬೇಕು. ಜ್ವರ, ನಾಡಿ ನೋಡಿ, ಮಾಡಿದ್ದನ್ನೆಲ್ಲ ಮಂಚಕ್ಕೆ ತೂಗುಹಾಕಿದ ಚಾರ್ಟಿನಲ್ಲಿ ಬರೆಯಬೇಕು. ಬಾಯಿಬಿಟ್ಟು ಹೇಳಿಕೊಟ್ಟ ಪಾಠ ಒಂದೇ ಒಂದು: "ರೋಗಿಗಳು ಏನೇನೋ ಬಡಬಡಿಸ್ತಾರೆ, ಕಿವಿಗೆ ಹಾಕ್ಕೋಬೇಡ. 'ಆಯ್ತಮ್ಮಾ' ಅನ್ನು, ಹೊದಿಕೆ ಕತ್ತಿನ ತನಕ ಎಳಿ." ಹೇಳಿ ಮುಗಿಸುವಷ್ಟರಲ್ಲಿ ಗೊರಕೆ.

ಎಂಟನೇ ಮಂಚದ ಅಜ್ಜಿ ನಿಜವಾದ ರೋಗಿ. ಅವಳು "ಒಂದ್ ಗುಟುಕು ನೀರು ಕೊಡೇ ತಾಯಿ" ಅಂದರೆ ಸಾಕು, ಟ್ರೈನರಮ್ಮನಿಗೆ ಎಚ್ಚರ. "ಬೇರೆ ರೋಗೀನ ಮುಟ್ಟಿದ್ಯೋ, ಸಹಿ ಇಲ್ಲ!" ಗೊರಕೆ ಮತ್ತೆ ಗಟ್ಟಿಯಾದ ಮೇಲೆ ಹುಡುಗಿ ಕದ್ದು ನೀರು ಕುಡಿಸಿ ಬರುತ್ತಿದ್ದಳು.

ಶನಿವಾರ ಹೊಸ ಡಾಕ್ಟರು ರೌಂಡ್ಸಿಗೆ ಬಂದರು, ಹಿಂದೆ ಹೆಡ್ ನರ್ಸ್. ಡಾಕ್ಟರು ಏಳನೇ ಮಂಚದ ಚಾರ್ಟು ಓದಿ ಹುಬ್ಬೇರಿಸಿದರು. "ಆರು ದಿನದಿಂದ ಊಟಾನೂ ತಿನ್ನಿಸ್ಬೇಕಾ ಇವ್ರಿಗೆ?"

ಟ್ರೈನರಮ್ಮ ಧಡಕ್ಕನೆ ಎದ್ದು ಕೂತಳು. "ಸಾರ್, ನಾನು ಸ್ಟಾಫು! ಇವಳಿಗೆ ಟ್ರೈನಿಂಗ್ ಕೊಡ್ತಿದೀನಿ!"

"ಯಾವಾಗಿಂದ ಹೀಗೆ ಹೇಳ್ತಿದಾರೆ?" ಡಾಕ್ಟರು ಮೆಲ್ಲಗೆ ಕೇಳಿದರು.

ಹುಡುಗಿ ಬಾಯಿ ತೆರೆಯುವ ಮೊದಲೇ ಅಜ್ಜಿ ಶುರುಮಾಡಿದಳು. "ಸೋಮವಾರದಿಂದ ನೋಡ್ತಿದೀನಿ ಸ್ವಾಮಿ, ಇವಳು ಒಂದು ಹುಲ್ಲುಕಡ್ಡಿ ಎತ್ತಿಟ್ಟಿಲ್ಲ. ಮಗ್ಗುಲಾಗಕ್ಕೂ ಈ ಮಗೂನೇ ಬೇಕು. ನಂಗೆ ನೀರು ಕೊಟ್ಟಿದ್ದೂ ಈ ಮಗೂನೇ, ಅದೂ ಕದ್ದು!"

ಒಂದಕ್ಷರ ಸುಳ್ಳಿರಲಿಲ್ಲ.

"ನೀವಾದ್ರೂ ಹೇಳ್ರೀ!" ಟ್ರೈನರಮ್ಮ ಹೆಡ್ ನರ್ಸ್ ಕಡೆ ತಿರುಗಿದಳು. ಹೆಡ್ ನರ್ಸಿಗೆ ಗೊತ್ತಿಲ್ಲದ್ದೇನಲ್ಲ. ಹದಿನೈದು ವರ್ಷದಿಂದ ಇವಳ ಪಾಲಿನ ಕೆಲಸವನ್ನೂ ಹೊತ್ತವಳು. "ಆರು ದಿನ ಮಲಗಿದ್ರೂ ಬೆನ್ನಲ್ಲಿ ಒಂದು ಹುಣ್ಣಿಲ್ಲ, ನೋಡಿ ಸಾರ್," ಎಂದವಳೇ ಹುಡುಗಿಯ ಕೈಯಿಂದ ಫಾರಮ್ಮು ತೆಗೆದುಕೊಂಡು ತಾನೇ ಸಹಿ ಹಾಕಿದಳು. ಡಾಕ್ಟರು ಚಾರ್ಟಿನಲ್ಲಿ 'ಮೂರು ದಿನ ಏಳುವಂತಿಲ್ಲ, ಉಪ್ಪಿಲ್ಲದ ಊಟ' ಎಂದು ಗೀಚಿ ಮುಂದೆ ಹೋದರು. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಇವಳಿಗೆ ಅದನ್ನೂ ಉಪ್ಪಿಲ್ಲದೆ ಉಣ್ಣುವ ಯೋಗ ಬಂತು.

ಹುಡುಗಿಯ ಕಣ್ಣು ತುಂಬಿತು. ಫಾರಮ್ಮನ್ನು ಮಡಿಚಿ ಜೇಬಿಗಿಟ್ಟುಕೊಂಡು, ಮೊದಲು ಅಜ್ಜಿಗೆ ಲೋಟದ ತುಂಬ ನೀರು ಕೊಟ್ಟಳು, ಎಲ್ಲರೆದುರಿಗೇ.

"ಲೇ, ನನ್ನ ಬಟ್ಟೆ ತಗೊಂಡ್ ಬಾರೇ! ನಾನು ಟ್ರೈನರು ಕಣೇ!" ಏಳನೇ ಮಂಚ ಅರಚಿತು.

ಹುಡುಗಿ ಕಲಿತ ಪಾಠ ಮರೆತಿರಲಿಲ್ಲ. "ಆಯ್ತಮ್ಮಾ," ಎಂದು ಹೊದಿಕೆಯನ್ನು ಅವಳ ಕತ್ತಿನ ತನಕ ಎಳೆದಳು.