ಬ್ಯಾಂಡ್ ಕಟ್ಟಿದ ವಾರ

ನನ್ನ ಹೆಂಡತಿಯ ತಮ್ಮ ಶಾಲೆಯಲ್ಲಿ ಆಟದ ಮೇಷ್ಟ್ರು. ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಬೂಟು, ವಾರಕ್ಕೆ ಮೂರು ಪೀರಿಯಡ್. ಆ ಮೂರೂ ಗೋಡೆಯ ಟೈಂಟೇಬಲ್‌ನಲ್ಲಿ ಮಾತ್ರ. ಗಂಟೆ ಹೊಡೆಯುವುದೇ ತಡ, ಲೆಕ್ಕದ ಮೇಡಂ ಬಾಗಿಲಿಗೆ ಅಡ್ಡ ನಿಂತು, "ಸಾರ್, ಇವತ್ತೊಂದಿನ ಬಿಟ್ಕೊಡಿ, ಪಾಠ ಮುಗಿದಿಲ್ಲ" ಅನ್ನುತ್ತಾರೆ. ಮಾರನೇ ದಿನ ವಿಜ್ಞಾನದವರು. ಇವನು ಬಿಟ್ಟುಕೊಡುತ್ತಾನೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ, ಇವನು ಆಟಕ್ಕೂ ಇಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಅವನ ಆಸೆ ಒಂದೇ: ಮಕ್ಕಳಿಗೆ ದಿನಕ್ಕೊಂದು ಗಂಟೆ ಆಟ ಸಿಗಬೇಕು, ಅದನ್ನು ಯಾರೂ ಕಿತ್ತುಕೊಳ್ಳಬಾರದು.

ಹೀಗಿರುವಾಗ ವಿಶ್ವವಿದ್ಯಾಲಯದಿಂದ ಒಬ್ಬ ಹೆಣ್ಣುಮಗಳು ಬಂದಳು. ಹದಿಹರೆಯದ ಮಕ್ಕಳು ದಿನಕ್ಕೆ ಎಷ್ಟು ಓಡಾಡುತ್ತಾರೆ, ಎಷ್ಟು ಕೂರುತ್ತಾರೆ ಎಂದು ಊರಿನ ಶಾಲೆಗಳಲ್ಲೆಲ್ಲ ಅಳೆಯುವುದು ಅವಳ ಸಂಶೋಧನೆ. ಒಂಬತ್ತನೇ ತರಗತಿಯ ಮಕ್ಕಳ ಕೈಗೆಲ್ಲ ಗಡಿಯಾರದಂಥ ಕಪ್ಪು ಬ್ಯಾಂಡ್ ಕಟ್ಟಿದಳು. ಒಂದು ವಾರ ಬಿಚ್ಚುವಂತಿಲ್ಲ.

"ಸಾರ್, ಮಾಮೂಲಿ ಹೇಗಿರ್ತೀರೋ ಹಾಗೇ ಇರಿ. ವಿಶೇಷ ಏನೂ ಬೇಡ" ಅಂದಳು.

ಮಾತು ಇವನ ಕಿವಿಗೆ ಬಿತ್ತು, ತಲೆಗೆ ಹತ್ತಲಿಲ್ಲ. ಸಂಜೆ ನಮ್ಮ ಮನೆಗೆ ಬಂದವನು ಬೂಟು ಬಿಚ್ಚುವ ಮೊದಲೇ ಶುರುಮಾಡಿದ.

"ಭಾವ, ನೆಂಟರು ಬರ್ತಾರೆ ಅಂದ್ರೆ ಮನೆ ಗುಡಿಸಲ್ವಾ? ಈ ವಾರ ಮಕ್ಕಳನ್ನ ಓಡಿಸ್ತೀನಿ ನೋಡಿ."

"ಅವಳು ನೆಂಟಳಲ್ಲ ಕಣೋ, ಡಾಕ್ಟರ್ ಇದ್ದ ಹಾಗೆ. ಡಾಕ್ಟರ್ ಮುಂದೆ ಹೊಟ್ಟೆ ಒಳಗೆಳ್ಕೊಂಡು ನಿಂತ್ರೆ ಏನು ಬಂತು?"

"ನೀವು ಸುಮ್ನಿರಿ, ನನ್ನ ತಮ್ಮನ ಮರ್ಯಾದೆ ಪ್ರಶ್ನೆ" ಎಂದು ಒಳಗಿಂದ ನನ್ನವಳು ಕೂಗಿದಳು. ಅಲ್ಲಿಗೆ ಮುಗಿಯಿತು. ಅಕ್ಕ ತಮ್ಮ ಒಂದಾದ ಮೇಲೆ ಭಾವನ ಮಾತನ್ನು ನಾಯಿಯೂ ಮೂಸುವುದಿಲ್ಲ.

ಶಾಲೆಯ ಹೆಸರಿನ ವಿಷಯ ಅಂದದ್ದೇ ಹೆಡ್ ಮೇಡಂ ಒಪ್ಪಿದರು. ಲೆಕ್ಕದ ಮೇಡಂ ಕೂಡ ತಮ್ಮ ಪೀರಿಯಡ್ ಧಾರೆ ಎರೆದರು. ಇವನು ಮೈದಾನಕ್ಕೆ ಸುಣ್ಣದ ಗೆರೆ ಎಳೆದ, ಶೆಡ್ಡಿನ ತುಕ್ಕು ಬೀಗ ಒಡೆದ, ಚೆಂಡುಗಳಿಗೆ ಗಾಳಿ ತುಂಬಿದ. ಬೆಳಗ್ಗೆ ಓಟ, ಮಧ್ಯಾಹ್ನ ಚೆಂಡಾಟ, ಸಂಜೆ ರಿಲೇ.

ಆ ತರಗತಿಯಲ್ಲಿ 'ಕಂಬ' ಅಂತ ಅಡ್ಡಹೆಸರಿನ ಹುಡುಗಿ ಒಬ್ಬಳಿದ್ದಳು. ಯಾವಾಗಲೂ ಹೊಟ್ಟೆನೋವು ಎಂದು ಬಾವುಟದ ಕಂಬಕ್ಕೆ ಒರಗಿ ನಿಲ್ಲುವವಳು. ಎಲ್ಲರೂ ಓಡುವಾಗ ಒಬ್ಬಳೇ ನಿಲ್ಲಲು ನಾಚಿಕೆಯಾಗಿ ಮೊದಲು ನಡೆದಳು, ಆಮೇಲೆ ಓಡಿದಳು. "ಏ, ಕಂಬ ಓಡ್ತಿದೆ ನೋಡ್ರೋ!" ಎಂದು ಹುಡುಗರು ಕೂಗಿದರು. "ಹಿಡೀರೋ ನೋಡೋಣ!" ಎಂದಳಂತೆ ಅವಳು. ವಾರದ ಕೊನೆಗೆ ಶೆಡ್ಡಿನ ಬಾಗಿಲಲ್ಲಿ ಎಲ್ಲರಿಗಿಂತ ಮೊದಲು ನಿಂತಿರುತ್ತಿದ್ದವಳು ಅವಳೇ. ಇವನು ಅದನ್ನು ಹೇಳುವಾಗ ಹತ್ತು ವರ್ಷ ಚಿಕ್ಕವನಾದಂತಿದ್ದ.

ವಾರ ಮುಗಿಯಿತು. ಬ್ಯಾಂಡ್ ಬಿಚ್ಚಿದರು. ಲೆಕ್ಕದ ಮೇಡಂ ಮತ್ತೆ ಬಾಗಿಲಿಗೆ ಬಂದರು.

ಕೆಲವು ತಿಂಗಳ ಮೇಲೆ ಆ ಹೆಣ್ಣುಮಗಳು ಫಲಿತಾಂಶ ಹೇಳಲು ಬಂದಳು. ಓಡಾಟದಲ್ಲಿ ಊರಿಗೆಲ್ಲ ಇವರ ಶಾಲೆಯೇ ಮೊದಲು. ಸ್ಟಾಫ್ ರೂಮಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಅವಳು ಉಳಿದದ್ದು ಹೇಳಿದಳು: ಮಕ್ಕಳು ತೀರಾ ಕಡಿಮೆ ಓಡಾಡುವ ಶಾಲೆಗಳಿಗೆ ದಿನಕ್ಕೊಂದು ಗಂಟೆ ಆಟ ಕೊಡುತ್ತಾರೆ. ಇಲಾಖೆಯ ಆದೇಶ, ಆ ಗಂಟೆಯನ್ನು ಯಾವ ಮೇಷ್ಟ್ರೂ ಮುಟ್ಟುವಂತಿಲ್ಲ.

"ನಿಮಗೆ ಅದರ ಅಗತ್ಯ ಇಲ್ಲ ಬಿಡಿ ಸಾರ್" ಎಂದು ನಕ್ಕಳು.

ಹೆಡ್ ಮೇಡಂ ಅದೇ ಉಸಿರಿನಲ್ಲಿ, "ನಮ್ಮ ಮಕ್ಕಳು ಇಷ್ಟು ಗಟ್ಟಿ ಅಂದ್ಮೇಲೆ, ಆಟದ ಒಂದು ಪೀರಿಯಡ್ ಲೆಕ್ಕಕ್ಕೇ ಬರೆದುಬಿಡೋಣ" ಅಂದರು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಹೂವು ಮುಡಿದಿದ್ದನ್ನು ನೋಡಿದವರು ಹಿಟ್ಟು ಯಾಕೆ ಕೊಡುತ್ತಾರೆ?

ಇವನು ಗೇಟಿನ ತನಕ ಅವಳ ಹಿಂದೆ ಓಡಿ ನಿಜ ಹೇಳಿದ. ಅವಳ ಮುಖ ಇಳಿದುಹೋಯಿತು.

"ಮಾಮೂಲಿ ಅಂದಿದ್ನಲ್ಲ ಸಾರ್" ಅಂದಳು. ನಿಮ್ಮ ಶಾಲೆಯ ಅಂಕಿ ಈಗ ತೆಗೆದುಹಾಕಬೇಕು, ಮತ್ತೆ ಅಳೆಯಲು ಬ್ಯಾಂಡ್ ಇಲ್ಲ, ಆಟದ ಗಂಟೆ ಹಂಚಿ ಆಗಿದೆ ಎಂದಳು. ಮುಂದಿನ ಸಮೀಕ್ಷೆಗೆ ಇನ್ನೂ ವರ್ಷಗಳಿವೆ. ಅಷ್ಟರಲ್ಲಿ ಒಂಬತ್ತನೆಯವರು ಶಾಲೆಯನ್ನೇ ಬಿಟ್ಟಿರುತ್ತಾರೆ.

"ಬೈದಿದ್ರೆ ಚೆನ್ನಾಗಿತ್ತು ಭಾವ. ಸುಮ್ನೆ ಹೋದ್ಲು" ಅಂದ ಆ ಸಂಜೆ ತಟ್ಟೆ ಮುಂದೆ ಕೂತು. ನಾನು ಹೇಳಿರಲಿಲ್ಲವೇ ಅನ್ನೋಣ ಅಂತ ಬಾಯಿ ತೆರೆದೆ. ಹೆಂಡತಿ ನನ್ನ ಕಡೆ ನೋಡಿದಳು. ಬಾಯಿಗೆ ತುತ್ತು ಇಟ್ಟುಕೊಂಡೆ.

"ಅದೂ ಇರ್ಲಿ" ಅಂದ. "ಗೇಟಿಂದ ವಾಪಸ್ ಬರ್ತಿದ್ದೆ. ಕಂಬ ಕಾರಿಡಾರಲ್ಲಿ ನಿಂತಿದ್ಲು, ಕೈಯಲ್ಲಿ ಲೆಕ್ಕದ ಪುಸ್ತಕ. 'ಸಾರ್, ಆ ಬ್ಯಾಂಡ್ ಕಟ್ಟೋರು ಬಂದಿದ್ರಲ್ಲ, ನಾಳೆಯಿಂದ ಮತ್ತೆ ಓಡೋದಾ?' ಅಂದ್ಲು. ಬೂಟಿನ ಲೇಸು ಬಿಗಿಯಾಗಿ ಕಟ್ಟಿತ್ತು ಭಾವ."

"ನೀನೇನಂದೆ?"

"ಕ್ಲಾಸಿಗೆ ಹೋಗಮ್ಮ ಅಂದೆ."

ಅನ್ನ ಹಾಗೇ ಇತ್ತು. ಅವನು ಕೊರಳಿನ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡು ಕೈ ತೊಳೆಯಲು ಎದ್ದ.