ಸಕ್ಕರೆಯ ಹೊದಿಕೆ

ದಾವಣಗೆರೆಯ ಒಂದು ಸಣ್ಣ ಲ್ಯಾಬಿನಲ್ಲಿ ಮೀನಾಕ್ಷಿ ಮಲದ ಡಬ್ಬಿಗಳ ಮುಚ್ಚಳ ತೆಗೆಯುತ್ತಿದ್ದಳು. ಹರಿಹರದ ಒಂದೇ ಖಾನಾವಳಿಯಲ್ಲಿ ಉಂಡ ಒಂಬತ್ತು ಮಂದಿಗೆ ಟೈಫಾಯ್ಡ್ ಆಗಿತ್ತು. ಅಲ್ಲಿನ ಕೆಲಸದವರು, ತಾನೇ ಚಟ್ನಿ ಕಲಸುವ ಮಾಲೀಕ, ಎಲ್ಲರದೂ ಪರೀಕ್ಷೆಗೆ ಬಂದಿತ್ತು. ಕೆಲಸಕ್ಕೆ ಸೇರಿ ಹನ್ನೆರಡು ವರ್ಷವಾದರೂ ಆ ವಾಸನೆ ಅವಳಿಗೆ ಒಗ್ಗಿರಲಿಲ್ಲ.

ಮಾಲೀಕ ರಾಮಚಂದ್ರಪ್ಪ ಎದುರಿಗೇ ನಿಂತಿದ್ದ. "ಪಾತ್ರೆ ತಿಕ್ಕೋ ಚೌಡೇಶ್ವರಿದೇ ಇರ್ತೈತೆ ನೋಡ್ರಿ ಮೇಡಂ. ಆ ಕೇರಿಯೋರ ಕೈ ಹೆಂಗಿರ್ತಾವೆ ಗೊತ್ತಲ್ಲ. ಮೊನ್ನೇನೇ ಎಲ್ಲರ ಮುಂದೆ ಹೇಳಿ ಬಿಡಿಸಿಬಿಟ್ಟೆ."

ಮೀನಾಕ್ಷಿ ತಲೆಯಾಡಿಸಿ, ಚೌಡೇಶ್ವರಿಯ ಡಬ್ಬಿಯನ್ನು ಎರಡೇ ಬೆರಳಲ್ಲಿ ಹಿಡಿದು ದೂರವಿಟ್ಟಳು.

ರೋಗಾಣು ಬೆಳೆಯಲೆಂದು ಒಬ್ಬೊಬ್ಬರ ಮಲವನ್ನೂ ಒಂದೊಂದು ಗಾಜಿನ ತಟ್ಟೆಯಲ್ಲಿ ಸವರಿಟ್ಟಳು. ಮೂರು ದಿನದ ಮೇಲೆ ನೋಡಿದರೆ ಚೌಡೇಶ್ವರಿಯ ತಟ್ಟೆಯಲ್ಲಿ ರೋಗಾಣುವೇ ಇರಲಿಲ್ಲ. ಅನುಮಾನದ ಚುಕ್ಕೆಗಳು ಎದ್ದದ್ದು ರಾಮಚಂದ್ರಪ್ಪನ ತಟ್ಟೆಯಲ್ಲಿ. ಒಂದಿಷ್ಟನ್ನು ಪರೀಕ್ಷೆಯ ದ್ರವದಲ್ಲಿ ಕಲಸಿದಳು; ಟೈಫಾಯ್ಡಿನದಾಗಿದ್ದರೆ ಗಂಟುಕಟ್ಟಬೇಕು, ಕಟ್ಟಲಿಲ್ಲ. 'ಇವರದಲ್ಲ' ಎಂದು ಬರೆಯಹೋದವಳು ತಡೆದು ನಿಂತಳು. ಟೈಫಾಯ್ಡ್ ರೋಗಾಣು ಮೈಮೇಲೆ ಸಕ್ಕರೆಯ ಸರಪಳಿಗಳ ತೆಳು ಹೊದಿಕೆ ಹೊದ್ದಿರುವುದುಂಟು; ಅದಿದ್ದರೆ ಕೆಳಗಿನ ಗುರುತು ದ್ರವಕ್ಕೆ ಸಿಗದು. ಕುದಿಸಿದರೆ ಕಳಚುತ್ತದೆ. ಕುದಿಸಿ ಮತ್ತೆ ಕಲಸಿದಳು. ಒಡೆದ ಹಾಲಿನಂತೆ ಕಣಕಣವಾಯಿತು.

ಮೀನಾಕ್ಷಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಈ ಚುಕ್ಕೆಗಳು ಚೌಡೇಶ್ವರಿಯ ತಟ್ಟೆಯಲ್ಲಿ ಎದ್ದಿದ್ದರೆ, ಕುದಿಸುವ ಮೊದಲೇ ಅವಳ ಹೆಸರು ಬರೆದುಬಿಡುತ್ತಿದ್ದೆನಲ್ಲ!

"ನಂದಾ? ದಿನಾ ಪೂಜೆ ಮಾಡೋನು ನಾನು! ಜ್ವರಾನೂ ಇಲ್ಲ," ಎಂದ ವರದಿ ಕೇಳಲು ಬಂದ ರಾಮಚಂದ್ರಪ್ಪ.

"ಹಿಂದೆ ಬಂದಿತ್ತೇನ್ರಿ?"

"ಎರಡು ವರ್ಷ ಆತು."

"ಜ್ವರ ಹೋಗೈತೆ, ರೋಗಾಣು ಪಿತ್ತಕೋಶದಾಗೆ ಕುಂತೈತೆ. ಪಾಯಿಖಾನೆಗೆ ಹೋಗಿಬಂದು ಸೋಪು ಹಚ್ಚದ ಕೈಲೇ ಚಟ್ನಿ ಕಲಸೀರಿ. ಒಂಬತ್ತು ಜನ ಅದನ್ನೇ ಉಂಡಾರೆ."

ರಾಮಚಂದ್ರಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ಬೇಸಿನ್ನಿಗೆ ಓಡಿದ. ವಾಂತಿ ಮಾಡಿ ಬಂದು, "ಯಾರಿಗೂ ಹೇಳಬ್ಯಾಡ್ರಿ," ಎಂದು ಗೋಗರೆದ.

"ನಾನು ಊರಿಗೆ ಸಾರಂಗಿಲ್ಲ. ಡಾಕ್ಟ್ರ ಹತ್ರ ಔಷಧ ಬರೆಸ್ಕಳ್ರಿ. ಆದ್ರೆ ಆಕೆ ಹೆಸರು ಊರಿಗೆಲ್ಲ ಸಾರಿದೋರು ನೀವೇ ಅಲ್ವಾ?"

ಮರುದಿನ ಸಂಜೆ ಚೌಡೇಶ್ವರಿಯ ವರದಿ ಹಿಡಿದು ಮೀನಾಕ್ಷಿಯೇ ಹರಿಹರದ ಆ ಕೇರಿಗೆ ಹೋದಳು. ರಾಮಚಂದ್ರಪ್ಪ ಆಗಲೇ ಬಂದು ಅಂಗಳದಲ್ಲಿ ನಿಂತಿದ್ದ. ಸುತ್ತ ಜನ.

"ರೋಗ ನಂದು, ನಿನ್ನ ಮ್ಯಾಲೆ ಹಾಕಿದೆ. ತಪ್ಪಾತವ್ವ. ಕೆಲಸಕ್ಕೆ ಬಾ," ಎಂದ.

ಚೌಡೇಶ್ವರಿ ಅವನನ್ನೇ ನೋಡಿದಳು. "ಬರ್ತೀನಿ. ಅಡಿಗೆ ನಾನು ಮಾಡ್ತೀನಿ. ಗುಣ ಆಗೋತನಕ ನೀವು ಒಳಗೆ ಬರಂಗಿಲ್ಲ."

ಅವನು ಒಪ್ಪಿ ಖಾನಾವಳಿಯ ಬೀಗದಕೈಯನ್ನು ಅವಳತ್ತ ಚಾಚಿದ. ಅವಳು ಮುಟ್ಟಲಿಲ್ಲ.

"ಮೊದ್ಲು ಕೈ ತೊಳಕಳ್ರಿ," ಎಂದು ಒಳಗಿನಿಂದ ಸೋಪು, ಚೊಂಬು ತಂದಳು. ಅವಳ ಮನೆಯ ನೀರಿಗೆ ಅವನು ಕೈಯೊಡ್ಡಿದ. ಉಗುರಿನ ಸಂದಿಯವರೆಗೂ ಉಜ್ಜಿಕೊಂಡ.